ಕೊಕ್ಕರೆ ಚಿತ್ರಕ್ಕೆ ರಜಾ

ಅರಸೀಕೆರೆಯಿಂದ ರೈಲು ಹತ್ತಿ ಮೈಸೂರಿನ ಮ್ಯೂಸಿಯಮ್ಮಿಗೆ ಬಂದೆ. ಜಪಾನಿನ ಚಿತ್ರಗಳ ಪ್ರದರ್ಶನಕ್ಕೆ ಪುಸ್ತಕ ಹುಡುಕಿ ಓದಿ, ಒಂದೊಂದರ ಕಥೆ ಬರೆಯುವವಳು ನನ್ನ ಮೊಮ್ಮಗಳು ಸುಮ! ಗೋಡೆಯ ಮೇಲೆ ಅವಳು ಬರೆದ ಚೀಟಿಯನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕಣ್ಣು ತುಂಬಿ ಬಂತು.

ಅವಳು ರೇಷ್ಮೆಯ ಮೇಲಿನ ಕೊಕ್ಕರೆ ಚಿತ್ರವೊಂದನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

"ಇಷ್ಟು ಚೆಂದ ಇರೋದನ್ನ ಯಾಕೆ ಮುಚ್ಚಿಡ್ತೀಯೇ?"

"ಬೆಳಕಿಗೆ ಬಣ್ಣ ಹೋಗ್ಬುಡುತ್ತೆ ಕಣಜ್ಜಿ. ಕೆಲವು ವಾರ ತೂಗುಹಾಕಿದ್ಮೇಲೆ ಕತ್ತಲಲ್ಲಿ ಮಲಗಿಸ್ಬೇಕು."

"ಚಿತ್ರಕ್ಕೂ ರಜಾ ಕೊಡ್ತೀರಲ್ಲೇ! ನಿಂಗ್ಯಾವಾಗ? ಯುಗಾದಿಗೂ ಊರಿಗೆ ಬರಲಿಲ್ಲ."

ಸುಮ ನಕ್ಕಳು. "ಇದರ ಜಾಗಕ್ಕೆ ಇನ್ನೊಂದು ಚಿತ್ರ ಬರುತ್ತಜ್ಜಿ. ಅದರ ಕಥೇನೂ ನಾನೇ ಬರೀಬೇಕು."

ನಾನು ಸಂಜೆಯ ರೈಲಿಗೆ ವಾಪಸು ಹೊರಡಬೇಕಾಗಿತ್ತು.

"ಹಂಗಾದ್ರೆ ನಿನ್ನ ಪಕ್ಕ ನಂಗೊಂದು ಸ್ಟೂಲು ಹಾಕು," ಅಂದೆ. "ರೈಲು ನಾಳೇನೂ ಇರುತ್ತೆ ಬುಡು."