ಹೆಸರು ಬೇಡದ ಪ್ರಶ್ನಾವಳಿ

ಹದಿನೆಂಟು ವರ್ಷ ಊರವರ ಮನಸ್ಸಿನ ಗಂಟು ಬಿಡಿಸಿದ ಆಪ್ತಸಮಾಲೋಚಕಿಯನ್ನು ಕೇಂದ್ರದಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಆಕೆಯ ಗಂಟನ್ನು ಬಿಡಿಸುವವರು ಮಾತ್ರ ಯಾರೂ ಇರಲಿಲ್ಲ. ಎದುರಿಗೆ ಬಂದವರು ನಕ್ಕರೆ ಸಾಕು, ಇವರಿಗೇನು ಬೇಕಾಗಿದೆಯೋ ಎಂದು ಮನೆ ಮುಟ್ಟುವವರೆಗೂ ತಲೆ ಕೆಡಿಸಿಕೊಳ್ಳುವಳು.

ಅಂಥವಳ ಕೈಗೆ ಪ್ರಶ್ನಾವಳಿ ಬಂತು. ಆನ್‌ಲೈನ್‌ನಲ್ಲಿ ಸಮಾಲೋಚನೆ ನಡೆಸುವುದು ನಿಮಗೆ ಒಪ್ಪಿಗೆಯೇ ಎಂದು ಅಳೆಯಲು ಮೂವತ್ತು ಹೇಳಿಕೆಗಳು; ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಐದು. ತಂದವಳು ಸಂಶೋಧನಾ ವಿದ್ಯಾರ್ಥಿನಿ. "ಹೆಸರು ಬರೀಬೇಡಿ ಮೇಡಂ. ಮನಸ್ಸಲ್ಲಿ ಇರೋದನ್ನೇ ಹಾಕಿ," ಎಂದಳು.

ಹೆಸರು ಬೇಡವಂತೆ! ದೊಡ್ಡಕ್ಕನ ಕಿವಿ ನೆಟ್ಟಗಾಯಿತು. ನಾಲ್ಕನೆಯ ಹೇಳಿಕೆ, ಪರದೆಯ ಮೂಲಕವೂ ನಂಬಿಕೆ ಬೆಳೆಯುತ್ತದೆ. ಹತ್ತೊಂಬತ್ತನೆಯದು, ಬೆಳೆಯುವುದಿಲ್ಲ. ಉತ್ತರಿಸುವವರು ಗಮನವಿಟ್ಟು ಓದಲೆಂದು ಹೀಗೆ ತಿರುಗಿಸಿ ಕೇಳುವುದು ವಾಡಿಕೆ. ಅದು ಗೊತ್ತಿದ್ದೂ, ಹೊಸದಕ್ಕೆ ಒಗ್ಗದವರನ್ನು ಹೆಕ್ಕಿ ಮನೆಗೆ ಕಳಿಸುವ ಹುನ್ನಾರವಿದು ಎಂದೇ ತೀರ್ಮಾನಿಸಿದಳು.

ಮನಸ್ಸಿನಲ್ಲಿದ್ದದ್ದು ಒಂದೇ ಉತ್ತರ, ಒಪ್ಪಿಗೆಯಿಲ್ಲ. ಪ್ರತಿ ಮಂಗಳವಾರ ಒಬ್ಬ ಹೆಂಗಸು ಬರುತ್ತಿದ್ದಳು. ನಿದ್ದೆ ಬರುವುದಿಲ್ಲವೆಂದು ಗಂಡನೇ ಕರೆತಂದು ಹೊರಗೆ ಬೆಂಚಿನ ಮೇಲೆ ಕಾಯುವನು. ದೊಡ್ಡಕ್ಕ ಕೋಣೆಯ ಚಿಲಕ ಹಾಕಿದ ಮೇಲಷ್ಟೇ ಆಕೆ ತೋಳಿನ ಬಾಸುಂಡೆ ತೋರಿಸುವಳು. ಇದನ್ನೆಲ್ಲ ಫೋನಿನಲ್ಲಿ ನಡೆಸಲು ಸಾಧ್ಯವೇ? ಆದರೆ ಕೆಲಸವೇ ಹೋದರೆ ಆ ಹೆಂಗಸಿಗೆ ಯಾರು ದಿಕ್ಕು? ದೊಡ್ಡಕ್ಕ ಎಲ್ಲಕ್ಕೂ ಐದು ಹಾಕಿದಳು, ತಿರುಗಿಸಿ ಕೇಳಿದಲ್ಲಿ ಮಾತ್ರ ಜಾಣತನದಿಂದ ಒಂದು.

"ನೀವೇನು ಹಾಕಿದ್ರಿ?" ಎಂದ ಪಕ್ಕದ ಕೋಣೆಯ ಸಮಾಲೋಚಕ.

"ಮನಸ್ಸಲ್ಲಿ ಇದ್ದದ್ದು."

"ನಾನೂ ಅಷ್ಟೇ," ಎಂದು ಅವನು ಕಣ್ಣು ತಪ್ಪಿಸಿದ.

ತಿಂಗಳ ಬಳಿಕ ಕೇಂದ್ರದ ಮುಖ್ಯಸ್ಥ ಎಲ್ಲರನ್ನೂ ಕೂರಿಸಿ, ವಿದ್ಯಾರ್ಥಿನಿ ಕೊಟ್ಟ ಫಲಿತಾಂಶ ಓದಿದ. "ಎಂಟು ಜನರಲ್ಲಿ ಒಬ್ಬರೂ ಬೇಡ ಅಂದಿಲ್ಲ! ನೀವು ಬೇಡ ಅಂದ್ರೆ, ಬಾಡಿಗೆ ಭಾರ ಆದ್ರೂ ಈ ಕೋಣೆಗಳನ್ನ ಹೇಗಾದ್ರೂ ಉಳಿಸ್ಕೊಳ್ಳೋಣ ಅಂತಿದ್ದೆ ನಾನು. ಒಳ್ಳೇದಾಯ್ತು ಬಿಡಿ, ಇನ್ಮೇಲೆ ಎಲ್ಲಾ ಆನ್‌ಲೈನೇ." ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಕ್ಕನಿಗೆ ನಾಚಿಕೆಯಾಯಿತು.

ಮಂಗಳವಾರ ಪರದೆಯ ಮೇಲೆ ಆ ಹೆಂಗಸಿನ ಮುಖ ಮೂಡಿತು. ಉದ್ದ ತೋಳಿನ ರವಿಕೆ ತೊಟ್ಟಿದ್ದಳು.

"ಹೇಗಿದ್ದೀರಮ್ಮಾ?"

"ಚೆನ್ನಾಗಿದ್ದೀನಿ ಮೇಡಂ." ಅವಳ ನೋಟ ಪಕ್ಕಕ್ಕೆ ಸರಿಯಿತು.

"ಕೇಳಿದ್ರಲ್ಲಾ, ಚೆನ್ನಾಗಿದ್ದಾಳೆ," ಎಂದಿತು ಗಂಡಸಿನ ದನಿ. "ಇನ್ನು ಇದೆಲ್ಲ ಬೇಡ."

ಕರೆ ಕಡಿತವಾಯಿತು. ಮತ್ತೆ ಕರೆ ಮಾಡಲು ಹೋದ ದೊಡ್ಡಕ್ಕ ಕೈ ಹಿಂದೆಗೆದಳು. ಆ ಫೋನು ಈಗ ಯಾರ ಕೈಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.