ಡಾಂಬರಿನಲ್ಲಿ ಕಂಡ ಹಳದಿ

ಮೆಲ್ಬರ್ನ್ ಅಂಚಿನ ನಮ್ಮ ಟಾರ್ನೀಟ್‌ನ ಬರ್ತ್‌ಡೇ ಪಾರ್ಟಿಗಳಲ್ಲಿ ಯಾರಾದರೂ "ನೀವೂ ಐಟಿನಾ?" ಎಂದು ಕೇಳಿದರೆ ನನಗೆ ಒಳಗೊಳಗೇ ಖುಷಿ. "ಅಲ್ಲ, ನಾನು ಡಾಂಬರು ನೋಡ್ತೀನಿ" ಎನ್ನುತ್ತೇನೆ. ಕೇಳಿದವರ ಸಮೋಸ ಬಾಯಿಗೆ ಹೋಗದೆ ನಡುವೆಯೇ ನಿಲ್ಲುತ್ತದೆ. ರಸ್ತೆ ಹಾಕಿಸುವುದಾ ಎನ್ನುತ್ತಾರೆ. ಇಲ್ಲ, ಬರೀ ನೋಡುವುದು, ಮೈಕ್ರೋಸ್ಕೋಪಿನಲ್ಲಿ. ಅದಕ್ಕೂ ಸಂಬಳ ಕೊಡುತ್ತಾರಾ ಎಂಬ ಪ್ರಶ್ನೆಯನ್ನು ಮರ್ಯಾದೆಗಾಗಿ ನುಂಗಿಕೊಳ್ಳುತ್ತಾರೆ. ನನ್ನ ಮಗಳಿಗೆ ಆ ಮರ್ಯಾದೆಯೂ ಇಲ್ಲ. "ಅಪ್ಪಾ, ಇಟ್ಸ್ ಜಸ್ಟ್ ಬ್ಲ್ಯಾಕ್" ಎಂದುಬಿಡುತ್ತಾಳೆ.

ಕಪ್ಪೇ ನಿಜ. ಆದರೆ ಹತ್ತಿರ ಹೋದಷ್ಟೂ ಅದರೊಳಗೆ ಒಂದು ಊರೇ ಕಾಣುತ್ತದೆ. ಸೂಜಿಗಿಂತ ಚೂಪಾದ ಮುಳ್ಳಿನಿಂದ ಡಾಂಬರಿನ ಮೈ ಸವರಿ ಚಿತ್ರ ತೆಗೆಯುವ ಒಂದು ಮೈಕ್ರೋಸ್ಕೋಪು ಇದೆ. ಅದರಲ್ಲಿ ನೋಡಿದರೆ ಜೇನುಹುಳದ ಬೆನ್ನಿನ ಮೇಲಿರುವಂಥ ಪಟ್ಟೆಗಳು. ನಮ್ಮ ವಿದ್ವಾಂಸರು ಅವಕ್ಕೆ ಜೇನುಹುಳ ಎಂದೇ ಹೆಸರಿಟ್ಟು, ಅವು ಯಾಕೆ ಹುಟ್ಟುತ್ತವೆ ಎಂದು ಇನ್ನೂ ಜಗಳವಾಡುತ್ತಿದ್ದಾರೆ. ಬಿಸಿ ಮಾಡಿದರೆ ಮಾಯ, ಆರಿದರೆ ಮತ್ತೆ ಹಾಜರು. ಹೆಂಡತಿ ಸುಮನಾ ಇದನ್ನು ನನ್ನ ಕೋಪಕ್ಕೆ ಹೋಲಿಸುತ್ತಾಳೆ, ಕ್ರಮ ಮಾತ್ರ ತಿರುಗುಮುರುಗು.

ಇನ್ನೊಂದು ಮೈಕ್ರೋಸ್ಕೋಪಿನದು ನೀಲಿ ಬೆಳಕು. ರಸ್ತೆ ಬೇಗ ಬಿರುಕು ಬಿಡದಿರಲೆಂದು ಡಾಂಬರಿಗೆ ರಬ್ಬರಿನಂಥ ಪಾಲಿಮರ್ ಬೆರೆಸುತ್ತಾರೆ. ಈ ಬೆಳಕಿನಲ್ಲಿ ಡಾಂಬರು ಕತ್ತಲಾಗಿಯೇ ಉಳಿದು, ಪಾಲಿಮರ್ ಮಾತ್ರ ಹಳದಿಯಾಗಿ ಹೊಳೆಯುತ್ತದೆ. ಉಪ್ಪಿಟ್ಟಿನ ರವೆಯ ಹಾಗೆ ಉದುರುದುರಾಗಿ ಹರಡಿದ್ದರೆ ಮಿಶ್ರಣ ಪಾಸು, ಗಂಟುಗಂಟಾಗಿದ್ದರೆ ಫೇಲು. ನನ್ನ ಸಂಬಳದ ರಹಸ್ಯ ಇಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಆಯುಧಪೂಜೆಗೆ ಟಾರ್ನೀಟ್‌ನಲ್ಲಿ ಕಾರು, ಲಾನ್‌ಮೋವರ್, ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಬೀಳುತ್ತದೆ. ನನ್ನ ಆಯುಧವನ್ನು ಮಾತ್ರ ಟ್ರೇನಿನಲ್ಲಿ ಹೊತ್ತು ತರಲಾಗದು. ಆದ್ದರಿಂದ ಹೋದ ವರ್ಷ ಅದರ ಪ್ರತಿನಿಧಿಯಾಗಿ ಗಾಜಿನ ಸ್ಲೈಡುಗಳ ಒಂದು ಡಬ್ಬಿಯನ್ನು ಮನೆಗೆ ತಂದೆ. ಸುಮನಾ ಉಡುಪಿ ಕಡೆಯವಳು, ಶಾಸ್ತ್ರದಲ್ಲಿ ರಿಯಾಯಿತಿ ಇಲ್ಲ. ಪೂಜೆ ಮುಗಿಸಿ, ಡಬ್ಬಿ ಒರೆಸಿ, ಬ್ಯಾಗಿಗೆ ಹಾಕಿ ಕೊಟ್ಟಳು.

ಮರುದಿನ ಸಿಡ್ನಿಯಿಂದ ಮಲ್ಲಿಕಾರ್ಜುನನ ಮಿಶ್ರಣ ಬಂದಿತ್ತು. ಅವನು ನಮ್ಮ ಕಂಪನಿಯ ಅಲ್ಲಿನ ಪ್ಲಾಂಟಿನಲ್ಲಿರುವ ಹುಬ್ಬಳ್ಳಿ ಹುಡುಗ, ಹೊಸದಾಗಿ ಮದುವೆಯಾದವನು. ಅವನದೇ ಕೈಯ ಮೊದಲ ಮಿಶ್ರಣ ಅದು. ಅದು ಕೆಟ್ಟರೆ ಕೆಲಸ ಹೋಗುತ್ತಿತ್ತು. ಕಂಪನಿಯೇ ಸ್ಪಾನ್ಸರ್ ಆದ್ದರಿಂದ ಕೆಲಸದ ಹಿಂದೆಯೇ ವೀಸಾ, ವೀಸಾದ ಹಿಂದೆ ಪಿಆರ್ ಎಂಬ ಕಾಯಂ ವಾಸದ ಕನಸು. ನಾನು ಕಣ್ಣಿಟ್ಟು ನೋಡಿದೆ. ಕತ್ತಲೆಯಲ್ಲಿ ಹಳದಿ ಗಂಟುಗಳು, ಗುಂಪುಗುಂಪಾಗಿ. ಇನ್ನೊಂದು ಸ್ಲೈಡು ಮಾಡಿದೆ, ಅದರಲ್ಲಿ ಇನ್ನೂ ದೊಡ್ಡವು.

ಅಷ್ಟರಲ್ಲಿ ಅವನದೇ ಫೋನು. "ಅಣ್ಣಾ, ಖರೇ ಹೇಳ್ರಿ, ನನ್ನ ಮಿಕ್ಸ್ ಕೆಟ್ಟೈತೇನ್ರಿ? ಮನಿಯಾಗ ಇನ್ನಾ ಏನೂ ಹೇಳಿಲ್ರಿ."

"ಸ್ವಲ್ಪ ತಡಿಯಪ್ಪ, ಇನ್ನೊಂದ್ಸಲ ನೋಡಿ ಹೇಳ್ತೀನಿ" ಎಂದೆ. ಸುಳ್ಳು ಹೇಳಲು ಬಾರದವನು ಸಮಯ ಕೇಳುತ್ತಾನೆ.

ಹೋಲಿಸಿ ನೋಡಲೆಂದು ಪಾಲಿಮರ್ ಬೆರೆಸದ ಮಾಮೂಲಿ ಡಾಂಬರಿನ ಹನಿಯನ್ನಿಟ್ಟೆ. ಅದರಲ್ಲೂ ಹಳದಿ ಗಂಟು. ಇಲ್ಲದ ಪಾಲಿಮರ್ ಹೇಗೆ ಗಂಟಾದೀತು? ಖಾಲಿ ಸ್ಲೈಡನ್ನೇ ಇಟ್ಟೆ. ಅದು ದೀಪಾವಳಿಯ ಹಾಗೆ ಹೊಳೆಯಿತು. ಡಬ್ಬಿಯನ್ನು ಮೂಗಿಗೆ ಹಿಡಿದೆ. ಕರ್ಪೂರ, ಅರಿಶಿನ, ನಮ್ಮ ಮನೆಯ ದೇವರ ಗೂಡು. ನೀಲಿ ಬೆಳಕಿನಲ್ಲಿ ಅರಿಶಿನವೂ ಹೊಳೆಯುತ್ತದೆಂಬುದನ್ನು ನಾನು ಎಂದೋ ಓದಿ, ಪರೀಕ್ಷೆ ಬರೆದು, ಮರೆತಿದ್ದೆ.

ಮನೆಗೆ ಫೋನು ಮಾಡಿ ಡಬ್ಬಿಯ ಒಳಗೂ ಅರಿಶಿನ ಹಾಕಿದೆಯಾ ಎಂದು ಕೇಳಿದೆ. "ಮತ್ತೆ? ಆಯುಧ ಒಳಗೆ ಉಂಟಲ್ಲ ಮಾರಾಯ್ರೆ, ಡಬ್ಬಿಗೆ ಎಂಥ ಪೂಜೆ?" ಎಂದಳು ಸುಮನಾ. ತರ್ಕದಲ್ಲಿ ಲೋಪವಿರಲಿಲ್ಲ.

ಹೊಸ ಡಬ್ಬಿ ಒಡೆದು ಮಲ್ಲಿಕಾರ್ಜುನನ ಮಿಶ್ರಣವನ್ನು ಮತ್ತೆ ನೋಡಿದೆ. ಉದುರುದುರು, ಒಂದು ಗಂಟೂ ಇಲ್ಲ. ಎಷ್ಟೋ ವರ್ಷಗಳಿಂದ ಡಾಂಬರು ನೋಡುತ್ತಿದ್ದೇನೆ, ನೋಡುತ್ತಾ ಕಣ್ಣು ಒದ್ದೆಯಾದದ್ದು ಅದೇ ಮೊದಲು. ಮಲ್ಲಿಕಾರ್ಜುನನಿಗೆ ಫೋನು ಮಾಡಿ ಅರಿಶಿನದ ಕಥೆ ಸಮೇತ ಸುದ್ದಿ ಹೇಳಿದೆ. "ಅಕ್ಕಾರಿಗೆ ನಮಸ್ಕಾರ ಹೇಳ್ರಿ" ಎಂದ. ನನ್ನ ಬಾಸ್‌ಗೆ ಸ್ಲೈಡಿನ ಮೇಲೆ ಅರಿಶಿನ ಬಿದ್ದಿತ್ತೆಂದೆ. ಮೆಲ್ಬರ್ನ್‌ನ ಮನುಷ್ಯ, ಲ್ಯಾಬಿನೊಳಗೆ ಟರ್ಮರಿಕ್ ಲಾಟೆ, ಅಂದರೆ ಇಲ್ಲಿನ ಕೆಫೆಗಳ ಅರಿಶಿನ ಹಾಲು, ತರಬಾರದೆಂದು ಮೆತ್ತಗೆ ಬುದ್ಧಿ ಹೇಳಿದರು. ಪೂಜೆ ವಿವರಿಸುವುದಕ್ಕಿಂತ ಲಾಟೆ ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ಮೊನ್ನೆ ಮಲ್ಲಿಕಾರ್ಜುನನಿಗೆ ಪಿಆರ್ ಬಂತೆಂದು ಸಿಡ್ನಿಯ ದಿ ಪಾಂಡ್ಸ್‌ನ ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ಏರ್‌ಪೋರ್ಟಿನಿಂದ ಕರೆದೊಯ್ಯುವ ದಾರಿಯಲ್ಲಿ ಅವನು ಕಾರು ನಿಲ್ಲಿಸಿ, "ನಮ್ಮ ಮಿಕ್ಸ್ ಇದ ನೋಡ್ರಿ" ಎಂದ. ಎಲ್ಲರೂ ಇಳಿದು ರಸ್ತೆಯಂಚಿನಲ್ಲಿ ಬಗ್ಗಿ ನಿಂತೆವು. ಬಿರುಕಿಲ್ಲ, ಗುಳಿಯಿಲ್ಲ, ನೋಡುವಂಥದ್ದೇನೂ ಇಲ್ಲ.

"ಇಟ್ಸ್ ಜಸ್ಟ್ ಬ್ಲ್ಯಾಕ್" ಎಂದಳು ಮಗಳು.

"ಹೌದಮ್ಮಾ, ಬರೀ ಕಪ್ಪು, ದೇವರು ದೊಡ್ಡವನು" ಎಂದೆ ನಾನು.