ಅವ್ವನ ಸುಳ್ಳು ಹೆಸರು

ಪಂಪಾಪತಿ ಕಂಪ್ಯೂಟರಿನ ಕ್ಯಾಮೆರಾದ ಮೇಲೆ ಹೆಂಡತಿಯ ಹಣೆಯ ಟಿಕಳಿ ಅಂಟಿಸಿದವನು, ಯಾವ ಕಂಪನಿಗೂ ತನ್ನ ಮೊಬೈಲ್ ನಂಬರ್ ಕೊಡದವನು. ಆದರೆ ತೀರಿಹೋದ ಅಪ್ಪ ಹಾಡಿದ್ದ ಮೊಹರಂ ಪದಗಳ ರೆಕಾರ್ಡಿಂಗುಗಳೆಲ್ಲ ಅವನ ಇ-ಮೇಲ್ ಖಾತೆಯಲ್ಲಿ ಮಾತ್ರ ಇದ್ದವು. ಇವತ್ತು ಪಾಸ್‌ವರ್ಡ್ ಮರೆತದ್ದೇ ತಡ, ಖಾತೆ ‘ತಾಯಿಯ ಹೆಸರೇನು?’ ಎಂದು ಕೇಳಿತು. ತಮ್ಮೂರು ನವಲಿಯ ನಾಯಿಗೂ ಗೊತ್ತಿರುವ ಹೆಸರು ಎಂಥ ಗುಟ್ಟು ಎಂದುಕೊಂಡು ಖಾತೆ ತೆರೆದ ದಿನ ಬೇಕೆಂದೇ ಸುಳ್ಳು ಹೆಸರು ಬರೆದಿದ್ದ. ಆ ಸುಡುಗಾಡು ಸುಳ್ಳು ಈಗ ನೆನಪಾಗುತ್ತಿಲ್ಲ. ಊರ ಹೆಂಗಸರ ಹೆಸರೆಲ್ಲ ಹೊಡೆದು ನೋಡಿದ, ಎಲ್ಲವೂ ತಪ್ಪು. ಇನ್ನೊಂದು ತಪ್ಪಾದರೆ ಖಾತೆ ಕಾಯಂ ಬಂದ್.

ಗಂಡನ ದನಿ ಕೇಳಲು ಕಾದು ಕೂತಿದ್ದ ಅವ್ವ, “ಏನ್ ಕೇಳಾಕತ್ತೈತಿ?” ಎಂದಳು.

“ನಿನ್ನ ಹೆಸರಬೇ,” ಎಂದ ಅಳುಮೋರೆ ಹಾಕಿಕೊಂಡು.

“ಅಷ್ಟಕ್ಕ ಅಳ್ತೀಯೇನೋ? ಕಳಕಮ್ಮ ಅಂತ ಹಾಕು.”

ಆಕೆಯೆದುರು ಇನ್ನೊಬ್ಬಳ ಹೆಸರು ಬರೆಯಲು ಕೈ ಬರಲಿಲ್ಲ. ತಪ್ಪೆಂದು ಗೊತ್ತಿದ್ದೂ ಅವ್ವನ ಹೆಸರನ್ನೇ ಒತ್ತಿದ.